ಕುದುರೆಗೆ ಬೆಲೆ, ಮನುಷ್ಯನಿಗೆ ಮಾತು

ಬೆಳಗಿನ ಜಾವ ನಾಲ್ಕು ಗಂಟೆ. ಊರು ಇನ್ನೂ ಮಲಗಿದೆ. ರೇಸ್ ಮೈದಾನದ ಹಿಂದಿನ ಲಾಯದಲ್ಲಿ ಮಾತ್ರ ದೀಪ ಉರಿಯುತ್ತಿದೆ. ನಮ್ಮಲ್ಲೊಬ್ಬನ ದೊಡ್ಡಪ್ಪ ಅಲ್ಲಿ ಮೂವತ್ತು ವರ್ಷದಿಂದ ಸೈಸ್. ಸೈಸ್ ಅಂದರೆ ಕುದುರೆ ನೋಡಿಕೊಳ್ಳುವ ಆಳು. ಡಿಗ್ರಿ ಮುಗಿಸಿ ಕೆಲಸ ಹುಡುಕಿಕೊಂಡು ಆ ಊರಿಗೆ ಹೋದ ನಾವು ನಾಲ್ವರು ಅವನ ಕೋಣೆಯಲ್ಲಿ ಹದಿನೈದು ದಿನ ಇದ್ದೆವು. ಯಾವ ಊರು, ಯಾರ ಲಾಯ ಎಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ದೊಡ್ಡಪ್ಪನ ಅನ್ನ ಹೋಗುತ್ತದೆ.

ಕೋಣೆ ಅಂದೆವಲ್ಲ, ಗೋಡೆಯ ಆಚೆ ಕುದುರೆ, ಈಚೆ ನಾವು. ಆಚೆಯದು ಹನ್ನೆರಡು ಅಡಿ ಉದ್ದ, ಹನ್ನೆರಡು ಅಡಿ ಅಗಲ. ಅಷ್ಟೂ ಒಂದೇ ಕುದುರೆಗೆ. ಈಚೆಯದು ಅದಕ್ಕಿಂತ ಚಿಕ್ಕದು, ಮಲಗುವವರು ಆರು ಜನ. ಆಚೆ ಫ್ಯಾನು ತಿರುಗುತ್ತಿತ್ತು, ಈಚೆ ಸೊಳ್ಳೆ. ನೋಡಿ ನಮಗೆ ಸಿಟ್ಟು ಬಂತು. ಆ ಸಿಟ್ಟಿನಿಂದಲೇ ಈ ಬರಹ ಶುರುವಾಯಿತು. ಆದರೆ ಸಿಟ್ಟು ಹೊರಟ ಕಡೆಗೆ ಬರಹ ಹೋಗಲಿಲ್ಲ. ಯಾಕೆ ಹೋಗಲಿಲ್ಲ ಅನ್ನೋದನ್ನೇ ಈಗ ಹೇಳಬೇಕಾಗಿದೆ.

ಮೊದಲು ಲಾಯದ ದಿನ ಹೇಗಿರುತ್ತದೆ ನೋಡಿ.

ದೊಡ್ಡಪ್ಪನ ಪಾಲಿಗೆ ಮೂರು ಕುದುರೆ. ಎದ್ದ ಕೂಡಲೆ ಮೇವಿನ ತೊಟ್ಟಿ ನೋಡುತ್ತಾನೆ. ರಾತ್ರಿ ಹಾಕಿದ್ದು ಉಳಿದಿದ್ದರೆ ಆ ಕುದುರೆಗೆ ಏನೋ ಆಗಿದೆ ಅಂತ ಲೆಕ್ಕ. ಆಮೇಲೆ ಲದ್ದಿ. ಒಂದು ಕುದುರೆ ದಿನಕ್ಕೆ ಹದಿನೈದು ಇಪ್ಪತ್ತು ಕಿಲೊ ಲದ್ದಿ ಹಾಕುತ್ತದೆ. ಅದನ್ನು ಬಾಚಿ, ಒದ್ದೆ ಹಾಸು ತೆಗೆದು, ಒಣಗಿದ್ದು ಹಾಸಬೇಕು. ಆಮೇಲೆ ನೆಲಕ್ಕೆ ಕುಕ್ಕರಗಾಲಲ್ಲಿ ಕೂತು ಕುದುರೆಯ ಮುಂಗಾಲನ್ನು ಮೇಲಿನಿಂದ ಕೆಳಕ್ಕೆ ಅಂಗೈಯಲ್ಲಿ ಸವರುತ್ತಾನೆ. ಮಂಡಿಯ ಕೆಳಗೆ ಹಿಂಭಾಗದಲ್ಲಿ ಹಗ್ಗದಂಥ ನರ ಇದೆ. ಅದು ಒಂಚೂರು ಬೆಚ್ಚಗಿದ್ದರೂ ಒಳಗೆ ಪೆಟ್ಟಾಗಿದೆ ಎಂದರ್ಥ. ನಾಲ್ಕುನೂರೈವತ್ತು, ಐನೂರು ಕಿಲೊ ತೂಗುವ ಪ್ರಾಣಿ ಗಂಟೆಗೆ ಅರವತ್ತು ಕಿಲೋಮೀಟರ್ ವೇಗದಲ್ಲಿ ಓಡುವಾಗ ಒಂದೊಂದು ಗಳಿಗೆ ಆ ಭಾರವೆಲ್ಲ ಒಂದೇ ತೆಳ್ಳನೆ ಕಾಲಿನ ಮೇಲೆ ಬೀಳುತ್ತದೆ. ಆ ಕಾಲಿನ ಸುದ್ದಿ ಮೊದಲು ತಿಳಿಯುವುದು ಡಾಕ್ಟರಿಗಲ್ಲ, ದೊಡ್ಡಪ್ಪನ ಅಂಗೈಗೆ.

ಐದೂವರೆಗೆ ಜೀನು ಕಟ್ಟಿ ಮೈದಾನಕ್ಕೆ. ಸವಾರಿ ಹುಡುಗರು ಓಡಿಸುತ್ತಾರೆ. ಟ್ರೈನರ್ ಸಾಹೇಬರು ಕೈಗಡಿಯಾರ ಹಿಡಿದು ನಿಂತಿರುತ್ತಾರೆ. ವಾಪಸ್ಸು ಬಂದ ಕುದುರೆಯನ್ನು ಉಸಿರು ಇಳಿಯುವವರೆಗೆ ನಡೆಸಬೇಕು. ಮರಳಿನ ಗುಂಡಿಯಲ್ಲಿ ಹೊರಳಾಡಿಸಬೇಕು, ಮೈ ತಿಕ್ಕಬೇಕು, ಗೊರಸಿನೊಳಗಿನ ಮಣ್ಣು ಕೆದಕಬೇಕು, ಲಾಳ ಸಡಿಲವಾಗಿದೆಯೇ ನೋಡಬೇಕು, ಕಾಲಿಗೆ ಪಟ್ಟಿ ಸುತ್ತಬೇಕು. ಕುದುರೆಯ ಮೈ ದೊಡ್ಡದು, ಹೊಟ್ಟೆಯ ಚೀಲ ಚಿಕ್ಕದು. ಹಾಗಾಗಿ ಓಟ್ಸು, ಬೂಸಾ, ಹುಲ್ಲು ದಿನಕ್ಕೆ ಮೂರು ನಾಲ್ಕು ಸಲ ಸ್ವಲ್ಪ ಸ್ವಲ್ಪವೇ ಕೊಡಬೇಕು. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ; ತಿಂದದ್ದು ಕೆಟ್ಟರೆ ಹೊಟ್ಟೆನೋವಿನಲ್ಲೇ ಸಾಯಬಹುದು. ಮಧ್ಯಾಹ್ನ ಎರಡು ಗಂಟೆ ಕಣ್ಣು ಮುಚ್ಚಿದರೆ ಹೆಚ್ಚು. ಮೂರೂವರೆಗೆ ಮತ್ತೆ ಇದೇ ಕೆಲಸ. ಸಂಜೆ ಸಾಹೇಬರು ಒಂದೊಂದು ಕೋಣೆಗೂ ಬಂದು ಕಾಲು ಮುಟ್ಟಿ ನೋಡಿ ಹೋಗುತ್ತಾರೆ.

ಸಾಹೇಬರೇನೂ ಕೆಟ್ಟವರಲ್ಲ. ಅವರೂ ನಾಲ್ಕಕ್ಕೇ ಏಳುತ್ತಾರೆ. ಕುದುರೆ ಅವರದಲ್ಲ, ಮಾಲೀಕರದು. ಮಾಲೀಕರು ತಿಂಗಳಿಗೆ ಇಷ್ಟು ಎಂದು ಕೊಡುತ್ತಾರೆ. ಅದರಲ್ಲೇ ಮೇವು, ಸೈಸರ ಸಂಬಳ, ಸವಾರಿ ಹುಡುಗರ ಕೂಲಿ ತೂಗಿಸಬೇಕು. ನಾಲ್ಕು ಸಲ ಕುದುರೆ ಸೋತರೆ ಮಾಲೀಕ ಅದನ್ನು ಬೇರೆ ಲಾಯಕ್ಕೆ ಕಳಿಸುತ್ತಾನೆ. ಲೈಸೆನ್ಸು ಕ್ಲಬ್ಬಿನ ಕೈಯಲ್ಲಿದೆ. ಅವರಿಗೂ ಮೇಲೊಬ್ಬ ಒಡೆಯ ಇದ್ದಾನೆ. ಮೆಟ್ಟಿಲಿನ ಮೇಲೆ ಮೆಟ್ಟಿಲು. ಬಾಬಾಸಾಹೇಬರು ಹೇಳಿದ ಶ್ರೇಣೀಕೃತ ಅಸಮಾನತೆಯನ್ನು ಪುಸ್ತಕದಲ್ಲಿ ಓದಿದ್ದ ನಾವು ಅದನ್ನು ಲದ್ದಿಯ ವಾಸನೆಯಲ್ಲಿ ಕಂಡೆವು.

ಒಂದು ದಿನ ನಾವು ದೊಡ್ಡಪ್ಪನ ಹತ್ತಿರ ರೇಗಿದೆವು. 'ಪ್ರಾಣಿಗೆ ಫ್ಯಾನು, ನಿನಗೆ ಸೊಳ್ಳೆ. ಇದಕ್ಕೆ ಜ್ವರ ಬಂದ್ರೆ ಅರ್ಧ ಗಂಟೇಲಿ ಡಾಕ್ಟ್ರು. ನಿನಗೆ ಬಂದ್ರೆ? ಬಿಡು ಈ ಲದ್ದಿ ಎತ್ತೋ ಕೆಲಸಾನ' ಅಂದೆವು. ದೊಡ್ಡಪ್ಪ ಸುಮ್ಮನೆ ಕೂತಿದ್ದ. ಆಮೇಲೆ ಹೇಳಿದ: 'ಓದ್ಕೊಂಡೋರು ನೀವು. ಮೂವತ್ತು ವರ್ಷದಿಂದ ಈ ಕೈ ಕಲ್ತಿದ್ದೆಲ್ಲ ಲದ್ದಿ ಅಂತ ಒಂದೇ ಮಾತಲ್ಲಿ ಅಂದ್ಬುಟ್ರಲ್ಲ. ಊರಿನ ಗೌಡನೂ ಹಿಂಗೇ ಅಂತಿದ್ದ ಕಣಪ್ಪ.'

ನಮ್ಮ ಮುಖ ಕಪ್ಪಿಟ್ಟಿತು. ನಿಜ, ನಾವು ಅಂದದ್ದು ಗೌಡನ ಮಾತೇ. ಡಿಗ್ರಿ ನಮಗೆ ಇಂಗ್ಲಿಷು ಕಲಿಸಿತ್ತು, ಜೊತೆಗೆ ನಮ್ಮಪ್ಪಂದಿರ ಕೈಯನ್ನು ಮೇಲಿನವರ ಕಣ್ಣಿನಿಂದ ನೋಡುವುದನ್ನೂ ಕಲಿಸಿತ್ತು.

ದೊಡ್ಡಪ್ಪ ಮತ್ತೆ ಹೇಳಿದ: 'ಕೆಲಸ ಬಿಡು ಅನ್ಬೇಡಿ. ಕುದುರೇನ ನೋಡ್ಕೊಂಡಂಗೆ ನಮ್ಮನ್ನೂ ನೋಡ್ಕಳಿ ಅಂತ ಕೇಳಿ. ಅಷ್ಟು ಸಾಕು.'

ಗೆಳೆಯರೆ, ಈ ಮಾತಿನ ಮೇಲೆ ನಾವು ನಾಲ್ವರು ಎಷ್ಟೋ ರಾತ್ರಿ ಜಗಳ ಆಡಿದ್ದೇವೆ. ಕುದುರೆಗಿರುವಷ್ಟು ಬೆಲೆ ಮನುಷ್ಯನಿಗೂ ಬರಲಿ ಎಂದು ಕೇಳುವುದು ಸರಿಯಾದ ಬೇಡಿಕೆಯೇ? ಹೌದು ಎಂದು ಮೊದಲು ಅನ್ನಿಸುತ್ತದೆ. ಆದರೆ ಆ ಬೆಲೆ ಎಂಥದ್ದು ಎಂದು ಕೆದಕಿ ನೋಡಬೇಕು.

ರೇಸಿನ ದಿನ ಮಾರುವ ಪುಸ್ತಕ ತೆರೆದು ನೋಡಿ. ಕುದುರೆಯ ಹೆಸರು, ಅದರ ಅಪ್ಪ, ಅವ್ವ, ಮಾಲೀಕ, ಟ್ರೈನರ್, ಜಾಕಿ ಎಲ್ಲರೂ ಇದ್ದಾರೆ. ಕಾಲು ಸವರಿದವನ ಹೆಸರಿಲ್ಲ. ಥರೋಬ್ರೆಡ್ ಎಂಬ ಈ ಓಟದ ಕುದುರೆಗಳ ವಂಶಾವಳಿಯನ್ನು ಇಂಗ್ಲೆಂಡಿನಲ್ಲಿ 1791ರಿಂದಲೇ ಪುಸ್ತಕದಲ್ಲಿ ಅಚ್ಚು ಹಾಕಿಸಿದ್ದಾರೆ. ಜಗತ್ತಿನ ಯಾವ ಥರೋಬ್ರೆಡ್ ಆದರೂ ಗಂಡಿನ ಕಡೆಯಿಂದ ಬೈಯರ್ಲಿ ಟರ್ಕ್, ಡಾರ್ಲಿ ಅರೇಬಿಯನ್, ಗೊಡಾಲ್ಫಿನ್ ಅರೇಬಿಯನ್ ಎಂಬ ಮೂರು ಕುದುರೆಗಳಲ್ಲಿ ಒಂದಕ್ಕೆ ಹೋಗಿ ನಿಲ್ಲುತ್ತದೆ. ಗೋತ್ರ ಇದ್ದ ಹಾಗೆ. ನಮ್ಮ ದೇಶದಲ್ಲಿ ಯಾವ ತಿಂಗಳಲ್ಲಿ ಹುಟ್ಟಿದ ಥರೋಬ್ರೆಡ್ ಆದರೂ ಅದರ ವಯಸ್ಸು ಲೆಕ್ಕ ಹಾಕುವುದು ಜನವರಿ 1ರಿಂದ. ನಮ್ಮ ಕೇರಿಯಲ್ಲಿ ಎಲ್ಲರೂ ಹುಟ್ಟಿದ್ದು ಜೂನ್ 1ರಂದು, ಶಾಲೆಗೆ ಸೇರಿಸುವ ದಿನ ಮೇಷ್ಟ್ರು ಬರೆದುಕೊಂಡ ತಾರೀಖು. ಕುದುರೆಯದು ಲೆಕ್ಕದ ಅನುಕೂಲಕ್ಕೆ, ನಮ್ಮದು ಯಾರಿಗೂ ಲೆಕ್ಕ ಬೇಡವಾಗಿದ್ದಕ್ಕೆ.

ತಮಾಷೆ ಏನು ಗೊತ್ತೇ? ಆ ಶುದ್ಧ ಕುಲ ಶುರುವಾದದ್ದೇ ಬೆರಕೆಯಿಂದ. ಮೂಡಣ ದೇಶಗಳಿಂದ ತಂದ ಗಂಡು, ಇಂಗ್ಲೆಂಡಿನ ಹೆಣ್ಣು ಕೂಡಿ ಆದ ತಳಿ ಅದು. ಬೆರೆತ ಮೇಲೆ ಬಾಗಿಲು ಹಾಕಿಕೊಂಡು ಶುದ್ಧ ಎಂದರು. ರಕ್ತಶುದ್ಧಿಗಾಗಿ ಜಾತಿ ಎನ್ನುವವರ ವಾದವನ್ನು 1936ರಲ್ಲಿ 'ಜಾತಿ ವಿನಾಶ'ದಲ್ಲಿ ಬಾಬಾಸಾಹೇಬರು ಒಡೆದು ಹಾಕಿದ್ದು ಹೀಗೆಯೇ. ಬೆರೆಯದ ರಕ್ತ ಈ ದೇಶದಲ್ಲಿ ಯಾರದೂ ಇಲ್ಲ.

ಇನ್ನೊಂದು ತಮಾಷೆ. ಹ್ಯಾಂಡಿಕ್ಯಾಪ್ ಎಂಬ ಬಗೆಯ ರೇಸಿನಲ್ಲಿ ಹೆಚ್ಚು ಗೆದ್ದ ಕುದುರೆಯ ಮೇಲೆ ಹೆಚ್ಚು ಭಾರ ಹೇರುತ್ತಾರೆ. ಜಾಕಿಯ ತೂಕ ಸಾಲದಿದ್ದರೆ ಜೀನಿನಲ್ಲಿ ಸೀಸದ ತುಂಡು ಇಟ್ಟು ತೂಕ ಕೂಡಿಸುತ್ತಾರೆ. ಸೋತದ್ದಕ್ಕೆ ಹಗುರ. ಎಲ್ಲಕ್ಕೂ ಗೆಲ್ಲುವ ಅವಕಾಶ ಸಮನಾಗಿರಲಿ ಅಂತ. ಅದನ್ನು ನೋಡುತ್ತ ಕೂತ ದೊಡ್ಡವರು ಯಾರೂ 'ಅಯ್ಯೋ ಮೆರಿಟ್ಟು ಸತ್ತುಹೋಯ್ತು' ಎಂದು ಕೂಗುವುದಿಲ್ಲ. ನಮ್ಮ ಹುಡುಗನಿಗೆ ಒಂದು ಸೀಟು ಸಿಕ್ಕಾಗ ಮಾತ್ರ ಅವರಿಗೆ ಮೆರಿಟ್ಟಿನ ನೆನಪು.

ಇರಲಿ, ಬೆಲೆಯ ಮಾತಿಗೆ ಬರೋಣ. ದೊಡ್ಡಪ್ಪ ಒಂದು ರಾತ್ರಿ ಹೇಳಿದ್ದನ್ನು ಇಲ್ಲಿ ಬರೆಯಲೇಬೇಕು.

ವರ್ಷಗಳ ಹಿಂದೆ ಒಂದು ಕಂದು ಹೆಣ್ಣು ಕುದುರೆ ಅವನ ಪಾಲಿಗಿತ್ತು. ರೇಸಿನ ಹಿಂದಿನ ದಿನ ಅದರ ಎಡ ಮುಂಗಾಲು ಬೆಚ್ಚಗಿತ್ತು. ಜಮೇದಾರನಿಗೆ ಹೇಳಿದ. ಜಮೇದಾರ ಅಂದರೆ ಸೈಸರ ಮೇಲಿನವನು. 'ನಿನ್ನ ಕೈಯೇ ಬಿಸಿ ಇರ್ಬೇಕು ನೋಡ್ಕೊ' ಅಂದನಂತೆ ಜಮೇದಾರ. ಮಾಲೀಕರು ಬರುವವರಿದ್ದರು, ದೊಡ್ಡ ರೇಸು. ಸಂಜೆ ಸಾಹೇಬರು ಬಂದು ಮುಟ್ಟಿದಾಗ ತಣ್ಣೀರು ಪಟ್ಟಿಯಿಂದ ಕಾಲು ತಣ್ಣಗಾಗಿತ್ತು. ದೊಡ್ಡಪ್ಪ ಪಕ್ಕದಲ್ಲೇ ನಿಂತಿದ್ದ, ತಲೆ ಬಗ್ಗಿಸಿ. ಕೇಳದೆ ಮಾತಾಡುವ ರೂಢಿ ಇಲ್ಲ. ಅವರು ಕೇಳಲಿಲ್ಲ. ಮಾರನೆಯ ದಿನ ಕೊನೆಯ ತಿರುವಿನಲ್ಲಿ ಕಾಲು ಮುರಿಯಿತು. ಪರದೆ ಕಟ್ಟಿ, ಹಿಂದೆ ಸೂಜಿ ಚುಚ್ಚಿ ಮುಗಿಸಿದರು. ದೊಡ್ಡಪ್ಪ ಎರಡು ದಿನ ಉಣ್ಣಲಿಲ್ಲ. ಆಮೇಲೆ ಅವನ ಮೇಲೇ ಮಾತು ಬಂತು: ಕಾಲು ಸರಿಯಾಗಿ ನೋಡಿಕೊಂಡಿಲ್ಲ ಅಂತ.

'ಅವತ್ತು ನಾನು ಜೋರಾಗಿ ಒದರಬೇಕಾಗಿತ್ತು ಕಣ್ರೋ' ಅಂದ ದೊಡ್ಡಪ್ಪ. 'ಆ ಪಾಪ ನಂದೇ.'

ಪಾಪ ಯಾರದು? ಗೊತ್ತಿದ್ದೂ ಹೇಳದವನದೇ? ಹೇಳಿದರೆ ಕೇಳದವನದೇ? ಹೇಳುವುದಕ್ಕೆ ಜಾಗವನ್ನೇ ಇಡದ ವ್ಯವಸ್ಥೆಯದೇ? ಗೆದ್ದಾಗ ಹೆಸರು ಮೇಲಕ್ಕೆ ಹೋಗುತ್ತದೆ, ಮುರಿದಾಗ ತಪ್ಪು ಕೆಳಕ್ಕೆ ಬರುತ್ತದೆ. ರೇಸಿನ ಪುಸ್ತಕದಲ್ಲಿಲ್ಲದ ಮನುಷ್ಯ ತಪ್ಪಿನ ಪುಸ್ತಕದಲ್ಲಿ ಮೊದಲಿಗ. 1996ರಲ್ಲಿ ಸುಪ್ರೀಂ ಕೋರ್ಟು ಕುದುರೆ ರೇಸು ಜೂಜಲ್ಲ, ಅದು ಮುಖ್ಯವಾಗಿ ಕೌಶಲದ ಆಟ ಎಂದು ತೀರ್ಪು ಕೊಟ್ಟಿತು. ಕುದುರೆಯನ್ನು ಪಳಗಿಸುವುದೂ ಆ ಕೌಶಲದಲ್ಲಿ ಸೇರಿದೆ. ಸಂತೋಷ. ಆದರೆ ಕೌಶಲ ಇರುವ ಅಂಗೈಗೆ ಬಾಯಿ ಯಾಕಿಲ್ಲ ಎಂದು ಯಾವ ಕೋರ್ಟು ಕೇಳುತ್ತದೆ?

ಆ ಕಂದು ಕುದುರೆಗೆ ದೊಡ್ಡಪ್ಪನಿಗಿಂತ ನೂರು ಪಟ್ಟು ಬೆಲೆ ಇತ್ತು. ಕಾಲು ಮುರಿದ ಗಳಿಗೆಯಲ್ಲಿ ಆ ಬೆಲೆ ಎಲ್ಲಿ ಹೋಯಿತು? ಫ್ಯಾನು, ಡಾಕ್ಟರು, ಓಟ್ಸು ಎಲ್ಲ ಸಿಕ್ಕಿದ್ದು ಓಡುವ ಕಾಲಿಗೆ, ಕುದುರೆಗಲ್ಲ. ಬೆಲೆ ಎಂದರೆ ಕೊಳ್ಳುವವನು ಹೇಳುವ ಮಾತು. ಕುದುರೆ 'ಇವತ್ತು ನಾನು ಓಡಲಾರೆ' ಎಂದು ಹೇಳಲು ಬರುವುದಿಲ್ಲ. ಅದರ ಪರವಾಗಿ ಹೇಳಬಲ್ಲವನು ಒಬ್ಬನಿದ್ದ, ಅವನ ಬಾಯಿಯನ್ನೂ ಹೊಲಿದಿದ್ದರು. ಲಾಯದಲ್ಲಿ ಮೂಕಪ್ರಾಣಿಗಳು ಎರಡು.

ಅದಕ್ಕೇ ನಾವು ಹೇಳುವುದು: ಕುದುರೆಯಂತೆ ನೋಡಿಕೊಳ್ಳಿ ಎಂದು ಕೇಳಿದರೆ ಕುದುರೆಯ ಮೂಕತನವನ್ನೂ ಒಪ್ಪಿಕೊಂಡಂತೆ. ಅಮೆರಿಕದ ಕೆಂಟಕಿ ಡರ್ಬಿ 1875ರಲ್ಲಿ ಮೊದಲ ಸಲ ನಡೆದಾಗ ಗೆದ್ದ ಕುದುರೆ ಅರಿಸ್ಟೈಡೀಸ್. ಅದನ್ನು ಪಳಗಿಸಿದವನು ಆನ್ಸೆಲ್ ವಿಲಿಯಂಸನ್, ಓಡಿಸಿದವನು ಆಲಿವರ್ ಲೂಯಿಸ್, ಇಬ್ಬರೂ ಕರಿಯರು. ವಿಲಿಯಂಸನ್ ಹುಟ್ಟಿನಿಂದ ಗುಲಾಮ. ಕುದುರೆ ಪಳಗಿಸುವ ವಿದ್ಯೆ ಇದ್ದುದರಿಂದಲೇ ಒಬ್ಬ ಒಡೆಯ ಅವನನ್ನು ಮತ್ತೊಬ್ಬನಿಂದ ಕೊಂಡುಕೊಂಡಿದ್ದ. ಅವನಿಗೂ ಬೆಲೆ ಇತ್ತು! ಬೆಲೆ ಇದ್ದದ್ದೇ ಅವನ ಸಂಕೋಲೆ. ಬಿಡುಗಡೆಯಾದ ಮೇಲೆ ಕರಿಯ ಜಾಕಿಗಳು ಗೆಲ್ಲುತ್ತ ಹೋದರು, ಹೆಸರು ಮಾಡಿದರು. ಹೆಸರು ಬಂದ ಮೇಲೆ ಇಪ್ಪತ್ತನೆಯ ಶತಮಾನದ ಶುರುವಿನಲ್ಲಿ ಬಿಳಿಯರು ಅವರನ್ನು ಮೈದಾನದಿಂದಲೇ ಓಡಿಸಿದರು. ವಿಲಿಯಂಸನ್ ಹೆಸರು ಅಲ್ಲಿನ ರೇಸಿನ ಗೌರವ ಪಟ್ಟಿಗೆ ಸೇರಿದ್ದು 1998ರಲ್ಲಿ.

ಇಲ್ಲಿಯೂ ಅಷ್ಟೆ. ಕುದುರೆಗೆ ಹುಲ್ಲು ಹಾಕು, ಯಾರೂ ಬೇಡ ಅನ್ನುವುದಿಲ್ಲ. ಹತ್ತಿ ಕೂತು ನೋಡು! ಗುಜರಾತಿನ ಭಾವನಗರ ಜಿಲ್ಲೆಯಲ್ಲಿ 2018ರ ಮಾರ್ಚಿನಲ್ಲಿ ಒಬ್ಬ ದಲಿತ ಹುಡುಗನ ಕೊಲೆಯಾಯಿತು. ಸ್ವಂತ ಕುದುರೆ ಸಾಕಿ ಸವಾರಿ ಮಾಡಿದ್ದೇ ಕಾರಣ ಎಂದು ಮನೆಯವರು ಅತ್ತರು. ಮಾತಿಗೂ ಇದೇ ನಿಯಮ. ಕನ್ನಡ ಸಾಹಿತ್ಯದಲ್ಲಿ ಬೂಸಾ ಬಹಳ ಇದೆ ಎಂದು 1973ರಲ್ಲಿ ಮೈಸೂರಿನಲ್ಲಿ ಬಸವಲಿಂಗಪ್ಪನವರು ಅಂದರು. ಆ ಒಂದು ಮಾತಿಗೆ ಅವರ ಮಂತ್ರಿಗಿರಿ ಹೋಯಿತು, ನಮ್ಮ ಹಾಸ್ಟೆಲ್ ಹುಡುಗರು ಏಟು ತಿಂದರು. ಬೂಸಾ ಹೊರುವ ತನಕ ನಾವು ಒಳ್ಳೆಯವರು. ಬೂಸಾ ಅಂದ ಕೂಡಲೆ ಕೆಟ್ಟವರು.

ಕುದುರೆ ರೇಸೇ ನಿಲ್ಲಲಿ ಎನ್ನುವವರೂ ನಮ್ಮಲ್ಲಿದ್ದಾರೆ. ನಿಲ್ಲಬಹುದು. ಆದರೆ ರೇಸು ನಿಂತ ದಿನ ದೊಡ್ಡಪ್ಪನನ್ನು ಕೇಳಿ ನಿಲ್ಲಿಸಬೇಕು. ಅವನನ್ನು ಕೇಳದೆ ಶುರು ಮಾಡಿದ ಹಾಗೆ ಅವನನ್ನು ಕೇಳದೆ ಮುಚ್ಚಿದರೆ ಅದೂ ಒಡೆಯರ ಕೆಲಸವೇ.

ಕೂಲಿ ಹೆಚ್ಚಲಿ, ಕೋಣೆ ಸಿಗಲಿ, ಜ್ವರಕ್ಕೆ ಡಾಕ್ಟರು ಬರಲಿ. ಇವೆಲ್ಲ ಬೇಕು, ಜಗಳ ಮಾಡಿಯೇ ತೆಗೆದುಕೊಳ್ಳಬೇಕು. ಆದರೆ ಇವು ಕುದುರೆಗೂ ಸಿಕ್ಕಿವೆ. ಮನುಷ್ಯನಿಗೆ ಇದರ ಮೇಲೆ ಒಂದು ಬೇಕು: ಅವನು ಆಡಿದ ಮಾತು ನೆಲಕ್ಕೆ ಬೀಳಬಾರದು. ಸೈಸ್ 'ಕಾಲು ಬೆಚ್ಚಗಿದೆ' ಎಂದರೆ ಕುದುರೆ ನಿಲ್ಲಬೇಕು, ಅವನ ಹೆಸರಿನ ಮುಂದೆ ಆ ಮಾತು ಬರೆದುಕೊಳ್ಳಬೇಕು. ಮಾನ ಎಂದರೆ ನಮ್ಮ ಲೆಕ್ಕದಲ್ಲಿ ಇದೇ. ಹಳ್ಳಿ ಶಾಲೆಯ ಮೇಷ್ಟ್ರೇ, ನಿಮ್ಮ ಕೊನೆಯ ಬೆಂಚಿನ ಹುಡುಗ ಏನೋ ಹೇಳಲು ಎದ್ದು ನಿಂತು ಮತ್ತೆ ಕೂತುಕೊಂಡರೆ, ದಯಮಾಡಿ ಅವನನ್ನು ಕೇಳಿ.

ಹೊರಡುವ ದಿನ ಬೆಳಗಿನ ಜಾವ ದೊಡ್ಡಪ್ಪ ನಮ್ಮನ್ನು ಕರೆದ. 'ಬನ್ನಿ, ಮುಟ್ಟಿ ನೋಡಿ' ಅಂದ. ಒಬ್ಬೊಬ್ಬರೂ ಕುದುರೆಯ ಕಾಲು ಸವರಿದೆವು. ನಮಗೆ ಏನೂ ಗೊತ್ತಾಗಲಿಲ್ಲ. 'ಬಲಗಾಲು ಸ್ವಲ್ಪ ಬೆಚ್ಚಗದೆ' ಅಂದ. ಎದ್ದು ಪಂಚೆ ಕೊಡವಿಕೊಂಡ. ಜಮೇದಾರನ ಕೋಣೆಯನ್ನು ದಾಟಿ, ಸಾಹೇಬರ ಕಾರು ನಿಲ್ಲುವ ಕಡೆಗೆ ನಡೆದು ಹೋಗಿ ನಿಂತುಕೊಂಡ. ನಾವೂ ಹೋಗಿ ಅವನ ಹಿಂದೆ ನಿಂತೆವು.