ಬಲೆ ಬಿಡುವ ಜಾಗ

ದೋಣಿಮನೆಯಲ್ಲಿ ಒಂದು ರಾತ್ರಿ ಕಳೆಯಬೇಕೆಂದು ಆಸೆಪಡುವವರ ಕಣ್ಣಿಗೆ ಮೊದಲು ಬರುವುದು ಸಾಗುತ್ತಿರುವ ದೋಣಿ. ಬೆಳದಿಂಗಳು, ಹಿಂದೆ ಸರಿಯುವ ತೆಂಗಿನ ಸಾಲು, ನಿದ್ದೆಯಲ್ಲೂ ಮುಂದೆ ಮುಂದೆ ಹೋಗುತ್ತಿರುವ ನಾವು. ಆದರೆ ದೋಣಿಮನೆ ರಾತ್ರಿ ಸಾಗುವುದಿಲ್ಲ. ನೂರಾರು ದೋಣಿಮನೆಗಳಿರುವ ಆಲಪ್ಪುಳದಲ್ಲೂ ಕತ್ತಲಾಗುವ ಮುಂಚೆ ಅವು ಎಲ್ಲಾದರೂ ನಿಲ್ಲಲೇಬೇಕು. ಆಮೇಲೆ ನೀರು ಬಲೆ ಬಿಡುವವರದು.

ಕೋಡಿಯಲ್ಲಿ ಇದೇ ಮಾತನ್ನು ದೋಣಿ ನಡೆಸುವವರು ನನಗೆ ಹೇಳಿದ್ದು ಒಂದು ಸಾಲಿನಲ್ಲಿ. ಸೂರ್ಯ ಕಡಲಿಗೆ ಇಳಿಯುತ್ತಿದ್ದ. ಹೊಳೆಯ ನಟ್ಟನಡುವೆ, ಎರಡು ಕುದ್ರುಗಳ (ನಡುಗಡ್ಡೆಗಳ) ನಡುವಿನ ಅಗಲ ನೀರಿನಲ್ಲಿ ನಿಂತರೆ ಎಷ್ಟು ಚಂದ ಎಂದು ಅಕ್ಕ ಕೇಳಿದಳು. “ಇಲ್ಲಿ ಬ್ಯಾಡ ಅಮ್ಮ, ಇದ್ ಬಲಿ ಬಿಡು ಜಾಗ. ಬದಿಗೆ ಕಟ್ವ” ಅಂದರು. ನೀರಿನ ಮೇಲೆ ನನಗೆ ಕಾಣುವಂಥ ಗುರುತು ಒಂದೂ ಇರಲಿಲ್ಲ. ಅವರಿಗೆ ಅಲ್ಲಿ ಗದ್ದೆಯ ಅಂಚಿನಷ್ಟೇ ಸ್ಪಷ್ಟವಾಗಿ ಗೆರೆಗಳು ಕಾಣುತ್ತಿದ್ದವು.

ಬ್ರಹ್ಮಾವರ ತಾಲ್ಲೂಕಿನ ಈ ಕೋಡಿಯ ಹೆಸರು ಹೊಳೆಯ ಎರಡೂ ದಡದಲ್ಲಿದೆ. ಬಡಗಿನಲ್ಲಿ ಕೋಡಿ ಕನ್ಯಾನ, ಅದರ ಪಕ್ಕ ಹಂಗಾರಕಟ್ಟೆ ಬಂದರು. ತೆಂಕಿನಲ್ಲಿ ಕೋಡಿಬೆಂಗ್ರೆ: ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸುವರ್ಣೆ, ನಡುವೆ ಮರಳಿನ ಒಂದು ಪಟ್ಟಿ, ಅದರ ಮೇಲೆ ಮನೆಗಳು, ತೆಂಗು, ಒಂದು ರಸ್ತೆ. ಆಗುಂಬೆಯ ಕಡೆಯಿಂದ ಇಳಿದು ಬರುವ ಸೀತೆ, ಕಾರ್ಕಳದ ಮಾಳದ ಕಾಡಿನಿಂದ ಬರುವ ಸುವರ್ಣೆ ಇಲ್ಲಿ ಕೂಡಿ ಒಂದೇ ಅಳಿವೆಯಲ್ಲಿ ಕಡಲು ಸೇರುತ್ತವೆ. ಬೆಂಗ್ರೆಯಿಂದ ಹಂಗಾರಕಟ್ಟೆಗೆ ನೀರಿನ ಮೇಲೆ ಕೆಲವೇ ನಿಮಿಷದ ದಾರಿ. ರಸ್ತೆ ಹಿಡಿದರೆ ಹೂಡೆ, ಕೆಮ್ಮಣ್ಣು, ಸಂತೆಕಟ್ಟೆ, ಬ್ರಹ್ಮಾವರ, ಸಾಸ್ತಾನ ಎಲ್ಲವನ್ನೂ ಸುತ್ತಿ ಬರಬೇಕು. ‘ಮರಳಿ ಮಣ್ಣಿಗೆ’ ಓದಿದವರಿಗೆ ಈ ಊರು ಹೊಸದಲ್ಲ. ಕಾರಂತರು ರಾಮ ಐತಾಳರ ಮನೆಯನ್ನು ಕಟ್ಟಿದ್ದು ಈ ಕಡಲು ಈ ಹೊಳೆಗಳ ನಡುವಿನ ಮಣ್ಣಿನಲ್ಲೇ. ಆ ಪುಸ್ತಕದಲ್ಲಿ ನೀರು ಯಾರಿಗೂ ನೋಟವಲ್ಲ. ದಾಟಬೇಕಾದದ್ದು, ಹೆದರಬೇಕಾದದ್ದು, ಅದರ ಪಕ್ಕದಲ್ಲೇ ದುಡಿಯಬೇಕಾದದ್ದು.

ನಾವು ಬಾಡಿಗೆಗೆ ಹಿಡಿದ ದೋಣಿಯ ಚಾವಣಿ ಕೇರಳದ ಮಾದರಿಯದು, ಬಿದಿರು ಬಗ್ಗಿಸಿ ಚಾಪೆ ಹೊದಿಸಿದ್ದು. ಅಲ್ಲಿ ಇಂಥ ದೋಣಿಮನೆಯ ಮೂಲ ಕೆಟ್ಟುವಳ್ಳಂ. ಒಂದು ಮೊಳೆಯೂ ಇಲ್ಲದೆ ಹಲಗೆಗೆ ಹಲಗೆ ಸೇರಿಸಿ ತೆಂಗಿನ ಹುರಿಯಲ್ಲಿ ಹೊಲಿದ ದೋಣಿ ಅದು. ಕುಟ್ಟನಾಡಿನ ಅಕ್ಕಿ ಅದರಲ್ಲೇ ಪೇಟೆಗೆ ಹೋಗುತ್ತಿತ್ತು. ಲಾರಿ ಬಂದ ಮೇಲೆ ಹೊರೆ ತಪ್ಪಿತು. 1990ರ ದಶಕದಲ್ಲಿ ಅದೇ ಒಡಲು ಮಂಚ, ಅಡುಗೆಕೋಣೆ, ಬಚ್ಚಲು ಸೇರಿಸಿಕೊಂಡು ಪ್ರವಾಸಿಗರನ್ನು ಹೊತ್ತಿತು. ಕಾಸರಗೋಡಿನ ವಲಿಯಪರಂಬ, ನೀಲೇಶ್ವರಕ್ಕೆ ಬಂದದ್ದೂ, ಅಲ್ಲಿಂದ ಬಡಗಿನ ನಮ್ಮ ಅಳಿವೆಗಳ ತನಕ ಹಬ್ಬಿದ್ದೂ ಇದೇ ರೂಪ. ನಮ್ಮ ಹೊಳೆಗಳಿಗೂ ಅಕ್ಕಿಯ ನೆನಪು ಇದೆ. ಬಾರ್ಕೂರು, ಬಸರೂರುಗಳಿಂದ ಹೊರಟ ಅಕ್ಕಿ ಗೋವೆಗೂ ಅರಬರ ನಾಡಿಗೂ ಹೋಗುತ್ತಿತ್ತು. ಹಂಗಾರಕಟ್ಟೆಯಿಂದ ಹೆಂಚು ತುಂಬಿಕೊಂಡ ಮಂಜಿ ಹಡಗುಗಳು ಹೊರಡುತ್ತಿದ್ದುದು ಇನ್ನೂ ಈಚಿನ ಮಾತು.

ಕೋಡಿಯಿಂದ ಸೀತೆಯ ಮೇಲೆ ಸ್ವಲ್ಪ ದೂರ ಹೋದರೆ ಬಾರ್ಕೂರು. 14ನೇ ಶತಮಾನದಲ್ಲಿ ಈ ಕರಾವಳಿಯಲ್ಲಿ ಹಾದುಹೋದ ಇಬ್ನ್ ಬತೂತ ಅದನ್ನು ಫಾಕನೂರು ಎಂದು ಕರೆದಿದ್ದಾನೆ. ಇಲ್ಲಿ ಹಾಯುವ ಹಡಗು ಬಂದರಿನಲ್ಲಿ ಲಂಗರು ಹಾಕಿ ಅರಸನಿಗೆ ಕಾಣಿಕೆ ಕೊಟ್ಟೇ ಮುಂದೆ ಹೋಗಬೇಕು, ಅದು ಬಂದರಿನ ಹಕ್ಕು ಎಂದು ಬರೆದಿದ್ದಾನೆ. ನಿಲ್ಲದೆ ಹೋಗುವಂತಿಲ್ಲ, ಕೊಡದೆ ಹೊರಡುವಂತಿಲ್ಲ. ಲಂಗರು ಹಾಕಿ ಊಟಕ್ಕೆ ಕೂತಾಗ ನನಗೆ ಈ ಮಾತು ನೆನಪಾಗಿ ಬಿಡಲೇ ಇಲ್ಲ. ಅರಸ ಹೋದ, ಬಂದರು ಸಣ್ಣದಾಯಿತು. ಆದರೂ ನಿಂತವರು ಕೊಡಬೇಕಾದದ್ದು ತೀರಿದೆ ಅನ್ನಿಸುವುದಿಲ್ಲ. ದೋಣಿಯ ಬಾಡಿಗೆ ದೋಣಿಯವರಿಗೆ ಸಂದಿತು. ಹೊಳೆಗೆ, ಹೊಳೆಯನ್ನೇ ನಂಬಿದವರಿಗೆ ಏನು ಸಂದಿತು?

ಕೊಡಬೇಕಾದದ್ದರಲ್ಲಿ ಮೊದಲನೆಯದು ಕತ್ತಲೆ. ಜನರೇಟರ್ ನಿಲ್ಲಿಸಿ, ದೀಪಗಳನ್ನು ಆರಿಸಿ, ಚುಕ್ಕಾಣಿಯ ಬಳಿ ಒಂದನ್ನೇ ಉಳಿಸಿದರು. ಸದ್ದಿನ ವಿಷಯ ಹೇಳಬೇಕಾಗಿಯೇ ಇಲ್ಲ; ನೀರಿನ ಮೇಲೆ ಪಿಸುಮಾತು ಕೂಡ ಆಚೆ ದಡದ ಜಗಲಿಗೆ ಮುಟ್ಟುತ್ತದೆ. ನನ್ನನ್ನು ಹೆಚ್ಚು ಕಾಡಿದ್ದು ಬಚ್ಚಲ ನೀರು. ಸುವರ್ಣೆಯನ್ನು ಮೇಲೆ ಬಜೆಯಲ್ಲಿ ತಡೆದು ಉಡುಪಿಗೆ ಕುಡಿಯುವ ನೀರು ಕೊಡುತ್ತಾರೆ. ಬೇಸಿಗೆ ಏರಿದಂತೆ ಕೆಳಗಿನ ಹರಿವು ಸಣ್ಣದಾಗಿ, ಅಳಿವೆಯಿಂದ ಉಪ್ಪುನೀರು ಒಳಗೊಳಗೆ ಏರುತ್ತದೆ. ಆಗ ಇಲ್ಲಿ ಬಿದ್ದ ಕೊಳೆಯನ್ನು ಹೊತ್ತುಕೊಂಡು ಹೋಗಲು ಮೇಲಿನ ನೀರಿಗೆ ಬಲವಿರುವುದಿಲ್ಲ. ಇಳಿತ ಒಯ್ದದ್ದನ್ನು ಭರತ ಮತ್ತೆ ಒಳಗೆ ತರುತ್ತದೆ. ಹೊಳೆ ಎಲ್ಲವನ್ನೂ ಕಡಲಿಗೆ ಸಾಗಿಸಿಬಿಡುತ್ತದೆ ಎನ್ನುವುದು ಘಟ್ಟದ ಮೇಲಿನವರ ನಂಬಿಕೆ, ಅಳಿವೆಯವರದಲ್ಲ. ಆದ್ದರಿಂದ ದೋಣಿಮನೆ ಹಿಡಿಯುವ ಮುನ್ನ ಮಂಚ ಎಷ್ಟು, ಊಟಕ್ಕೆ ಕಾಣೆ ಮೀನು ಇದೆಯೇ ಎಂದು ಕೇಳುವವರು ಮಲಿನ ನೀರಿನ ತೊಟ್ಟಿ ಎಲ್ಲಿದೆ, ಅದನ್ನು ಎಲ್ಲಿ ಖಾಲಿ ಮಾಡುತ್ತೀರಿ ಎಂದೂ ಕೇಳಬೇಕು. ಕೇರಳದ ದೋಣಿಮನೆಗಳು ಸಾಗುವ ವೇಂಬನಾಡು ಕಾಯಲಿಗೆ 2002ರಲ್ಲೇ ಮಹತ್ವದ ಜೌಗುಪ್ರದೇಶವೆಂಬ ರಾಮ್ಸರ್ ಮನ್ನಣೆ ಸಿಕ್ಕಿತ್ತು. ಆ ಮನ್ನಣೆ ಕೊಳೆಯನ್ನು ತಡೆಯಲಿಲ್ಲ. ಕುಮಟೆಯ ಅಘನಾಶಿನಿ ಅಳಿವೆಗೆ ಅದು ಸಿಕ್ಕಿದ್ದು 2024ರಲ್ಲಿ. ನಮ್ಮ ಸೀತೆ-ಸುವರ್ಣೆಗೆ ಅಂಥ ಬಿರುದು ಇಲ್ಲ. ಕೇಳುವವರ ಬಾಯಿಯೇ ಅದರ ಕಾವಲು.

ಹುಣ್ಣಿಮೆ ಕಳೆದು ಎರಡು ದಿನವಾಗಿತ್ತು. ನಡುರಾತ್ರಿ ದಾಟಿ ಎಚ್ಚರವಾದಾಗ ದೋಣಿಯ ಅಂಚಿನಲ್ಲಿ ಕೂತೆ. ಲಂಗರಿನ ಹಗ್ಗ ಬಿಗಿದು ನಿಂತಿತ್ತು, ದೀಪದ ಕೆಳಗೆ ಒಂದು ಒಣ ತೆಂಗಿನಗರಿ ಒಳನಾಡಿನ ಕಡೆಗೆ ಹೋಗುತ್ತಿತ್ತು. ಭರತ ಇನ್ನೂ ಏರುತ್ತಿದೆ. ಗರಿ ನಿಧಾನವಾಯಿತು. ಹಗ್ಗ ಸಡಿಲವಾಗಿ ನೀರಿಗೆ ಇಳಿಯಿತು. ಗರಿ ನಿಂತೇಬಿಟ್ಟಿತು, ಅದರ ಒಂದೊಂದು ಎಳೆಯನ್ನೂ ಎಣಿಸಬಹುದಿತ್ತು, ಅಷ್ಟು ಹೊತ್ತು. ಆಮೇಲೆ ಬಂದ ದಾರಿಯಲ್ಲೇ ಕಡಲ ಕಡೆಗೆ ತಿರುಗಿತು. ಅದರ ಹಿಂದೆಯೇ ನಮ್ಮ ದೋಣಿಯೂ ಮೂತಿ ತಿರುಗಿಸಿತು. ಒಂದು ಬದಿಗಿದ್ದ ಹಂಗಾರಕಟ್ಟೆಯ ಹಡಗು ಕಟ್ಟುವ ಜಾಗದ ದೀಪಗಳು ಒಂದೊಂದಾಗಿ ಇನ್ನೊಂದು ಬದಿಗೆ ಬಂದವು. ಹಗ್ಗ ಮತ್ತೆ ಬಿಗಿಯಿತು. ಸರಿಸುಮಾರು ಆರು ಗಂಟೆಗೊಮ್ಮೆ ಹೀಗೆ ತಿರುಗುತ್ತದೆ, ದಿನವೂ ಐವತ್ತು ನಿಮಿಷದಷ್ಟು ತಡವಾಗಿ. ನಿಂತ ದೋಣಿಯಲ್ಲದಿದ್ದರೆ ನನಗೆ ಇದು ಕಾಣುತ್ತಿರಲಿಲ್ಲ. ಇಂಜಿನ್ನಿನ ದೋಣಿ ನೀರಿನ ಮೇಲೆ ಹೋಗುತ್ತದೆ, ಅಷ್ಟೇ. ನೀರು ಎತ್ತ ಹೋಗುತ್ತಿದೆ ಎಂದು ಅದಕ್ಕೆ ಕೇಳಬೇಕಾಗಿಲ್ಲ. ಯಾರ ಗುಂಪೂ ಇಲ್ಲದೆ, ಯಾವ ವೇಳಾಪಟ್ಟಿಯೂ ಇಲ್ಲದೆ ನಮ್ಮಷ್ಟಕ್ಕೆ ಬಂದವರು ಎಂದು ಸಂಜೆ ಹಿಗ್ಗಿದ್ದೆವು. ವೇಳಾಪಟ್ಟಿ ಇಲ್ಲಿ ಮೊದಲೇ ಇತ್ತು, ಚಂದ್ರನ ಕೈಯಲ್ಲಿ. ಬಲೆಯವರು, ಚಿಪ್ಪು ಹೆಕ್ಕುವವರು, ಕಾಂಡ್ಲಾ ಗಿಡದ ಬೇರಿನ ಸಂದಿಯ ಏಡಿ ಕೂಡ ಅದರಂತೆಯೇ ನಡೆಯುವುದು. ನಾವೂ ಅದಕ್ಕೆ ಸೇರಿಕೊಂಡೆವು ಎಂದು ತಿಳಿದಾಗ ನನಗೆ ಸ್ವಾತಂತ್ರ್ಯ ಕಡಿಮೆಯಾಯಿತು ಅನ್ನಿಸಲಿಲ್ಲ.

ಬೆಳಿಗ್ಗೆ ಇಳಿತ. ನಿನ್ನೆ ಅಕ್ಕ ನಿಲ್ಲೋಣ ಎಂದ ಜಾಗದಲ್ಲಿ ಸಣ್ಣ ದೋಣಿಯೊಂದು ಬಲೆ ಎಳೆದುಕೊಳ್ಳುತ್ತಿತ್ತು. ಅವರು ಮುಗಿಸುವ ತನಕ ನಮ್ಮವರು ಲಂಗರು ಎತ್ತಲಿಲ್ಲ. ಹೊರಟ ಮೇಲೂ ಕುದ್ರಿನ ಮೂಲೆಯಲ್ಲಿ ಇಂಜಿನ್ ನಿಲ್ಲಿಸಿ ಗಳ ಹಿಡಿದರು. ಅಲ್ಲಿ ಸೊಂಟಮಟ್ಟ ನೀರಿನಲ್ಲಿ ಮೂರು-ನಾಲ್ಕು ಹೆಂಗಸರು ಕಾಲಿನಿಂದ ಕೆಸರು ತಡವಿ, ಮುಳುಗಿ, ಚಿಪ್ಪು ಎತ್ತಿ ಬುಟ್ಟಿಗೆ ಹಾಕುತ್ತಿದ್ದರು. ಬುಟ್ಟಿಗಳು ಸೊಂಟಕ್ಕೆ ಕಟ್ಟಿದ ಹಗ್ಗದಲ್ಲಿ ತೇಲುತ್ತಿದ್ದವು. ನಮ್ಮ ದೋಣಿಯ ಅಲೆ ಸಾಕು, ಅವು ಮಗುಚಲು. ಹಿರಿಯ ಹೆಂಗಸೊಬ್ಬರು ತಲೆ ಎತ್ತಿ ಎಲ್ಲಿಂದ ಬಂದದ್ದು ಎಂದು ಕೇಳಿದರು, ಅಕ್ಕ ಊರು ಹೇಳಿದಳು. ಚಿಪ್ಪು ಬೇಕಾದರೆ ಹಂಗಾರಕಟ್ಟೆಯಲ್ಲಿ ಸ್ವಲ್ಪ ನಿಲ್ಲಿ, ಇನ್ನೊಂದು ಗಂಟೆಗೆ ನೀರು ಏರುತ್ತದೆ, ಅಷ್ಟರೊಳಗೆ ಬುಟ್ಟಿ ತುಂಬಿಸಿ ತರುತ್ತೇವೆ ಅಂದರು. ನಾವು ನಿಂತೆವು.