ಸಾಕು ಎನ್ನುವ ಹಕ್ಕು

ಹಣ ಕಟ್ಟಿ ಹಿಮಾಲಯದ ಶಿಖರವೊಂದಕ್ಕೆ ಹೊರಡುವವನು ಕೊಂಡುಕೊಳ್ಳುವುದು ಏನನ್ನು? ಸಂಸ್ಥೆಯವರು ಕಳಿಸುವ ಪಟ್ಟಿಯಲ್ಲಿ ಟೆಂಟು, ಊಟ, ಸಾಮಾನು ಹೊರುವ ಕುದುರೆ, ಹಗ್ಗ, ಕ್ರ್ಯಾಂಪಾನ್, ಪರವಾನಗಿ ಶುಲ್ಕ, ಗೈಡ್ ಎಂದು ಸಾಲಾಗಿ ಬರೆದಿರುತ್ತದೆ. ಶಿಖರ ಮುಟ್ಟಿಸಿಯೇ ತೀರುತ್ತೇವೆ ಎಂದು ಪ್ರಾಮಾಣಿಕರು ಯಾರೂ ಬರೆಯುವುದಿಲ್ಲ. ಆದರೂ ಕಟ್ಟಿದ ಹಣ ಶಿಖರದ ಬೆಲೆಯೆಂದೇ ಮನಸ್ಸು ಒಳಗೊಳಗೆ ಲೆಕ್ಕ ಹಾಕಿರುತ್ತದೆ. ಲಡಾಖಿನ ಕಾಂಗ್ ಯಾತ್ಸೆ ಎರಡನೆಯ ಶಿಖರದ ಇಳಿಜಾರಿನಿಂದ ತಿರುಗಿ ಬಂದ ಮೇಲೆ, ಎಲ್ಲಕ್ಕಿಂತ ಬೆಲೆಬಾಳುವುದನ್ನೇ ಆ ಪಟ್ಟಿಯಲ್ಲಿ ಬರೆದಿರಲಿಲ್ಲ ಎಂದು ನನಗೆ ಅನ್ನಿಸಿದೆ. ನಡುದಾರಿಯಲ್ಲಿ ನಿಂತು "ಸಾಕು, ಇಳಿಯೋಣ" ಎನ್ನಬಲ್ಲ ಒಬ್ಬ ಮನುಷ್ಯ, ಹಾಗೆನ್ನಲು ಅವನಿಗೆ ನಾವು ಕೊಟ್ಟ ಹಕ್ಕು.

ನಮ್ಮ ಬೆಳಗಾವಿಯವರಿಗೆ ಬೆಟ್ಟ ಹೊಸದಲ್ಲ. ಊರೇ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಮುಂದೆ ಖಾನಾಪುರ ತಾಲ್ಲೂಕಿನ ಜಾಂಬೋಟಿ, ಕಣಕುಂಬಿ, ಚೋರ್ಲಾ ಘಾಟಿನ ಸಾಲು. ಪೂರ್ವಕ್ಕೆ ಹರಿಯುವ ಮಲಪ್ರಭೆಯೂ ಪಶ್ಚಿಮಕ್ಕೆ ಹರಿಯುವ ಮಹದಾಯಿಯೂ ಹುಟ್ಟುವುದು ಆ ಮಳೆಕಾಡಿನಲ್ಲೇ. ತಯಾರಿಗೆಂದು ನಾನು ನಸುಕಿನಲ್ಲಿ ಟಿಳಕವಾಡಿಯ ವ್ಯಾಕ್ಸಿನ್ ಡಿಪೋ ಮೈದಾನದಲ್ಲಿ ಓಡುತ್ತಿದ್ದೆ. ರವಿವಾರ ಬಂದರೆ ಬೆನ್ನಚೀಲಕ್ಕೆ ನೀರಿನ ಬಾಟಲಿ ತುಂಬಿ ಯಳ್ಳೂರಿನ ರಾಜಹಂಸಗಡವನ್ನು ಹತ್ತಿ ಇಳಿಯುತ್ತಿದ್ದೆ. ಕಾಲಿಗೂ ಎದೆಗೂ ಇದು ಒಳ್ಳೆಯದೇ. ಆದರೆ ಮೇಲಿನ ತೆಳುಗಾಳಿಗೆ ಇಲ್ಲಿ ಕೂತು ತಯಾರಾಗಲು ಬರುವುದಿಲ್ಲ. ಮ್ಯಾರಥಾನ್ ಓಡುವವನೂ ಎತ್ತರದ ಕಾಯಿಲೆಗೆ ಬೀಳಬಹುದು, ಏದುಸಿರು ಬಿಡುತ್ತ ಹಿಂದೆ ಬರುವವನು ಆರಾಮಾಗಿ ಇರಬಹುದು.

ಶಿಖರ ಹತ್ತಲು ಹೊರಟ ವಿಷಯ ಹೇಳಿದಾಗ ತಾಯಿ ಕೇಳಿದ್ದು ಇಷ್ಟೇ: "ಅಲ್ಲೇನೈತಿ? ಯಾರರ ಕರದಾರೇನು?"

ಆ ಪ್ರಶ್ನೆಯ ಹಿಂದೆ ನಮ್ಮ ಸೀಮೆಯ ಚರಿತ್ರೆಯೇ ಇದೆ. ಇಲ್ಲಿಂದ ಹಿಮದ ನಾಡಿಗೆ ಹೋಗುವವರನ್ನು ಯಾರೋ ಕರೆದೇ ಇರುತ್ತಾರೆ. ಬೆಳಗಾವಿಯ ಕ್ಯಾಂಪಿನಲ್ಲಿ ಮರಾಠಾ ಲಘು ಪದಾತಿ ದಳದ ಕೇಂದ್ರವಿದೆ, ಕಮಾಂಡೊ ತರಬೇತಿಯ ಶಾಲೆ ಇದೆ. ಸುತ್ತಲಿನ ಹಳ್ಳಿಗಳಲ್ಲಿ ಫೌಜಿಗೆ ಹೋದ ಮಗನ ಫೋಟೊ ಇಲ್ಲದ ಓಣಿ ಕಡಿಮೆ. ಹಿಮಾಲಯ ಎಂದಾಗ ನಮ್ಮ ಹೆಣ್ಣುಮಕ್ಕಳ ಕಣ್ಣಿಗೆ ಬರುವುದು ಶಿಖರದ ಮೇಲಿನ ಬಾವುಟವಲ್ಲ, ಪೋಸ್ಟಿಂಗ್. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನ ಸೋನಮ್ ಪೋಸ್ಟಿನ ಮೇಲೆ ಹಿಮ ಕುಸಿದು ಹತ್ತು ಯೋಧರು ಹೂತುಹೋದರು. ಧಾರವಾಡ ಜಿಲ್ಲೆ ಬೆಟದೂರಿನ ಲಾನ್ಸ್ ನಾಯಕ್ ಹನಮಂತಪ್ಪ ಕೊಪ್ಪದ ಅವರನ್ನು ಫೆಬ್ರುವರಿ 8ರಂದು ಹಿಮದಡಿಯಿಂದ ಜೀವಂತ ತೆಗೆದಾಗ ಈ ಭಾಗದ ಜನ ಗುಡಿ, ಮಸೂತಿ ಎನ್ನದೆ ಪ್ರಾರ್ಥಿಸಿದ್ದು ನೆನಪಿದೆ. 11ರಂದು ಅವರು ದಿಲ್ಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಆ ಪೋಸ್ಟ್ ಇದ್ದದ್ದು 19,600 ಅಡಿ ಎತ್ತರದಲ್ಲಿ. ನಾನು ಹತ್ತಲು ಹೊರಟ ಶಿಖರದ ಎತ್ತರ 6,250 ಮೀಟರ್, ಅಂದರೆ ಸುಮಾರು 20,500 ಅಡಿ. ಹೆಚ್ಚುಕಡಿಮೆ ಅದೇ ತೆಳುಗಾಳಿ. ಅವರು ಅಲ್ಲಿ ಇದ್ದದ್ದು ಆದೇಶದಿಂದ, ನಾನು ಹೊರಟದ್ದು ರಜೆ ಹಾಕಿ, ಹಣ ಕಟ್ಟಿ. ಈ ಅಂತರವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳದೆ ನಮ್ಮ ಕಡೆಯವರು ಪರ್ವತಾರೋಹಣದ ಬಗ್ಗೆ ಬರೆಯಬಾರದು ಎಂಬುದು ನನ್ನ ಅಭಿಪ್ರಾಯ. ಸಾಕು ಎನ್ನುವ ಹಕ್ಕು ಸೈನಿಕನಿಗೆ ಇಲ್ಲ. ನಮಗೆ ಇದೆ. ಇದ್ದೂ ಅದನ್ನು ಬಳಸಲು ನಮಗೆ ಅಷ್ಟು ಕಷ್ಟವಾಗುವುದೇಕೆ?

ಲೇಹ್ ನಗರವೇ 3,500 ಮೀಟರ್ ಎತ್ತರದಲ್ಲಿದೆ. ವಿಮಾನದಿಂದ ಇಳಿದವರನ್ನು ಮೊದಲು ಸುಮ್ಮನೆ ಮಲಗಿಸುತ್ತಾರೆ. ಆಮೇಲೆ ಮಾರ್ಖಾ ಕಣಿವೆಯಲ್ಲಿ ನಡಿಗೆ: ಸ್ಕಿಯು, ಮಾರ್ಖಾ, ಹಂಕರ್, ಕೊನೆಗೆ ಕುರಿ ಮತ್ತು ಯಾಕ್‌ಗಳು ಮೇಯುವ ನಿಮಾಲಿಂಗ್ ಬಯಲು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು ಎಂಬುದು ವೈದ್ಯರ ನಿಯಮ. ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲೆಡೆ ಒಂದೇ, ಶೇಕಡ 21. ಕಡಿಮೆಯಾಗುವುದು ಒತ್ತಡ. ಆ ಶಿಖರದ ತುದಿಯಲ್ಲಿ ಅದು ಸಮುದ್ರಮಟ್ಟದ ಅರ್ಧಕ್ಕೂ ಕಡಿಮೆ. ದೇಹ ಉಸಿರಾಟ ಹೆಚ್ಚಿಸುತ್ತದೆ, ಮೂತ್ರ ಹೆಚ್ಚು ಬಿಡುತ್ತದೆ, ದಿನಗಳೆದಂತೆ ಕೆಂಪು ರಕ್ತಕಣ ಹೆಚ್ಚಿಸುತ್ತದೆ. ರಾತ್ರಿ ಮಲಗಿದಾಗ ಉಸಿರು ನಿಂತು ನಿಂತು ಬರುತ್ತದೆ. ಪಕ್ಕದ ಮಲಗುವ ಚೀಲದಲ್ಲಿದ್ದವನ ಎದೆ ಕೆಲ ಕ್ಷಣ ಅಲುಗದೆ, ಆಮೇಲೆ ಒಮ್ಮೆಲೆ ಗಾಳಿ ಎಳೆದುಕೊಳ್ಳುವುದನ್ನು ಕೇಳುತ್ತ ಎಚ್ಚರವಿದ್ದ ರಾತ್ರಿಗಳನ್ನು ನಾನು ಮರೆತಿಲ್ಲ.

ಆದರೆ ಎತ್ತರ ದೇಹಕ್ಕೆ ಮಾಡುವುದಕ್ಕಿಂತ ಬುದ್ಧಿಗೆ ಮಾಡುವುದು ಹೆಚ್ಚು ಭಯಂಕರ. ಆಮ್ಲಜನಕ ಕಡಿಮೆಯಾದಾಗ ತೀರ್ಮಾನ ಮಾಡುವ ಶಕ್ತಿ ಮಂಕಾಗುತ್ತದೆ, ಮಂಕಾಗಿದೆ ಎಂಬ ಅರಿವೂ ಜೊತೆಗೇ ಹೋಗುತ್ತದೆ. ಕಾಲು ನೋಯುವುದು ಗೊತ್ತಾಗುತ್ತದೆ, ತಲೆ ಸಿಡಿಯುವುದು ಗೊತ್ತಾಗುತ್ತದೆ. ವಿವೇಕ ಸೋರಿಹೋಗುವುದು ಗೊತ್ತಾಗುವುದಿಲ್ಲ. ಅಂಥವನನ್ನು "ಹೇಗಿದ್ದೀ?" ಎಂದು ಕೇಳಿದರೆ "ಚೆನ್ನಾಗಿದ್ದೇನೆ" ಎನ್ನುತ್ತಾನೆ. ಅವನು ಸುಳ್ಳು ಹೇಳುತ್ತಿರುವುದಿಲ್ಲ.

ನಮ್ಮ ಗೈಡ್ ಲಡಾಖಿನವನು, ಮಾತು ಕಡಿಮೆ. ಅವನ ಚಿಕ್ಕಪ್ಪ ನಮ್ಮ ಮುಂಡಗೋಡದ ಟಿಬೆಟನ್ ಮಠದಲ್ಲಿ ಭಿಕ್ಷುವಾಗಿದ್ದಾರಂತೆ. ಅವರನ್ನು ನೋಡಲು ಬಂದಾಗ ಹುಬ್ಬಳ್ಳಿ ಸ್ಟೇಷನ್ ಹೊರಗೆ ಗಿರಮಿಟ್ಟು ತಿಂದದ್ದನ್ನು ಅವನು ಹೇಳಿದಾಗ, ಆ ಬೋಳು ಬೆಟ್ಟಗಳ ನಡುವೆ ನನಗೆ ಊರಿನವನೇ ಸಿಕ್ಕಷ್ಟು ಸಂತೋಷವಾಯಿತು. ಬೇಸ್ ಕ್ಯಾಂಪಿನಲ್ಲಿ, ಹೊರಡುವ ರಾತ್ರಿಗೆ ಮೊದಲು, ಅವನು ನಮ್ಮನ್ನು ಅಡುಗೆ ಟೆಂಟಿನಲ್ಲಿ ಕೂರಿಸಿ ಒಂದೇ ಮಾತು ಕೇಳಿದ. ನಾನು ಇಳಿಯಿರಿ ಎಂದರೆ ಇಳಿಯುತ್ತೀರಾ? ಎಲ್ಲರೂ ತಲೆಯಾಡಿಸಿದೆವು. ಸಾಲದು ಎಂದ. ಒಬ್ಬೊಬ್ಬರಾಗಿ ಬಾಯಿಬಿಟ್ಟು ಹೇಳಿಸಿಕೊಂಡ.

ಆಗ ಅದು ಬರೀ ಶಿಸ್ತಿನ ಮಾತು ಅನ್ನಿಸಿತ್ತು. ಈಗ ಹಾಗೆ ಕಾಣುವುದಿಲ್ಲ. ಬೇಸ್ ಕ್ಯಾಂಪಿನಲ್ಲಿ ಬುದ್ಧಿ ಸ್ವಚ್ಛ ಇದ್ದ ನಾನು, ಮೇಲೆ ಬುದ್ಧಿ ಮಂಕಾಗಲಿರುವ ನನ್ನ ಪರವಾಗಿ ಒಪ್ಪಂದ ಮಾಡಿಕೊಂಡಿದ್ದೆ. ಬೇರೆಯವರ ಮಾತಿಗೆ ಬಗ್ಗುವುದನ್ನು ನಾವು ದೌರ್ಬಲ್ಯ ಎಂದು ಬಗೆಯುತ್ತೇವೆ, ಗಂಡಸುತನಕ್ಕೆ ಕುಂದು ಎಂದೂ. ಅಂಥ ಜಾಗದಲ್ಲಿ ಮಾತ್ರ ಅದು ನನ್ನದೇ ವಿವೇಕವನ್ನು ಸುರಕ್ಷಿತ ಕೈಯಲ್ಲಿ ಒತ್ತೆ ಇಟ್ಟಂತೆ.

ನಡುರಾತ್ರಿಗೆ ಹೊರಟೆವು. ಮೊದಲು ಸಡಿಲ ಕಲ್ಲಿನ ಏರು, ಆಮೇಲೆ ಹಿಮ ಶುರುವಾಗುವಲ್ಲಿ ಬೂಟಿಗೆ ಮುಳ್ಳಿನ ಕ್ರ್ಯಾಂಪಾನ್ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಎರಡು ಸಾಲಾಗಿ ನಡೆದೆವು. ಪ್ರತಿ ಹಗ್ಗಕ್ಕೂ ಒಬ್ಬ ಗೈಡ್. ನಮ್ಮ ಹಗ್ಗದಲ್ಲಿದ್ದ ಗೆಳೆಯರೊಬ್ಬರ ಕೆಮ್ಮು ಸಂಜೆಯಿಂದಲೂ ಒಣಗಿತ್ತು, ಮೇಲೆ ಬರುತ್ತ ಹಸಿಯಾಯಿತು. ನಸುಕಿನ ಹೊತ್ತಿಗೆ ಗೈಡ್ ನಿಲ್ಲಿಸಿದ. ಅವರ ಊರಿನ ಹೆಸರು ಕೇಳಿದ, ಉತ್ತರ ತಡವಾಗಿ ಬಂತು. ಸಮತಟ್ಟಾದ ಜಾಗ ನೋಡಿ ಹಿಮ್ಮಡಿಗೆ ಬೆರಳು ತಾಗುವಂತೆ ನೇರ ಗೆರೆಯಲ್ಲಿ ನಡೆಯಲು ಹೇಳಿದ. ಅವರು ಪಕ್ಕಕ್ಕೆ ವಾಲಿದರು. ಶ್ವಾಸಕೋಶದಲ್ಲಿ ನೀರು ತುಂಬುವುದು, ಮಿದುಳು ಊದಿಕೊಳ್ಳುವುದು ಈ ಎರಡಕ್ಕೂ ಮೊದಲ ಔಷಧಿ ಒಂದೇ, ಕೆಳಗಿಳಿಸುವುದು. ಶಿಖರದ ಏಣು ಮೇಲೆ ನಸುಗೆಂಪಾಗಿ ಕಾಣುತ್ತಿತ್ತು. ಮುಂದಿನ ಹಗ್ಗದವರು ಸಣ್ಣ ಚುಕ್ಕೆಗಳಾಗಿ ಮೇಲೆ ಸಾಗುತ್ತಿದ್ದರು. ನಮ್ಮ ಗೈಡ್ ಹಗ್ಗ ಎಳೆದು, ಎಲ್ಲರೂ ಕೆಳಗೆ, ಎಂದ.

ನಮ್ಮಲ್ಲೊಬ್ಬ ಎದುರು ನಿಂತ. ಒಬ್ಬರಿಗೆ ಆರಾಮಿಲ್ಲ ಎಂದರೆ ಎಲ್ಲರೂ ಏಕೆ ಇಳಿಯಬೇಕು, ನಾವೂ ಪೂರ್ತಿ ಹಣ ಕಟ್ಟಿದ್ದೇವೆ ಎಂದ. ಅದೇ ಪ್ರಶ್ನೆ ನನ್ನ ಎದೆಯೊಳಗೂ ಇತ್ತು. ಬಾಯಿಗೆ ಬರಲಿಲ್ಲ ಅಷ್ಟೇ. ಗೈಡ್ ವಾದಿಸಲಿಲ್ಲ. ನಿನ್ನೆ ಕೊಟ್ಟ ಮಾತನ್ನು ನೆನಪಿಸಿ, ಹಗ್ಗದ ಕೊನೆಯಲ್ಲಿದ್ದ ನನ್ನನ್ನು ಇಳಿಜಾರಿನ ಕಡೆ ಮುಖ ಮಾಡಿಸಿ ನಡೆಸಿದ. ಸಿಟ್ಟಿಗೆದ್ದು ಮಾತಾಡಿದ್ದು ಆ ಗೆಳೆಯನೋ, ಅವನ ಮಿದುಳಿಗೆ ಸಾಲದೆ ಹೋದ ಗಾಳಿಯೋ? ಅವನೂ ಹೇಳಲಾರ, ನಾನೂ ಹೇಳಲಾರೆ.

ಹಣ ಕೊಟ್ಟವನಿಗೆ ಹಣ ಪಡೆದವನು ಇಲ್ಲ ಎನ್ನುವುದು ಎಷ್ಟು ಕಠಿಣ ಎಂಬುದಕ್ಕೆ ಎವರೆಸ್ಟಿನ 1996ರ ಮೇ 10ಕ್ಕಿಂತ ದೊಡ್ಡ ಸಾಕ್ಷಿ ಇಲ್ಲ. ನ್ಯೂಜಿಲೆಂಡಿನ ರಾಬ್ ಹಾಲ್ ಅಂದಿನ ಅತ್ಯಂತ ಎಚ್ಚರದ ಗೈಡ್‌ಗಳಲ್ಲಿ ಒಬ್ಬ. ಮಧ್ಯಾಹ್ನ ಎರಡಕ್ಕೆ ಎಲ್ಲಿದ್ದರೂ ತಿರುಗಬೇಕು ಎಂಬ ನಿಯಮ ಅವನದೇ. ಅವನ ತಂಡದಲ್ಲಿ ಡಗ್ ಹ್ಯಾನ್ಸನ್ ಎಂಬ ಅಂಚೆ ನೌಕರ ಇದ್ದ. 1995ರಲ್ಲಿ ಶಿಖರದ ತೀರ ಸಮೀಪದಿಂದ ಅವನನ್ನು ಇದೇ ಹಾಲ್ ಹಿಂದಕ್ಕೆ ಕರೆತಂದಿದ್ದ. ಮರುವರ್ಷ ಮತ್ತೆ ಬಾ ಎಂದು ಒತ್ತಾಯಿಸಿ, ಶುಲ್ಕ ಕಡಿಮೆ ಮಾಡಿ ಕರೆಸಿಕೊಂಡಿದ್ದ. ಆ ದಿನ ನಾಲ್ಕು ಗಂಟೆ ಹೊಡೆದರೂ ಹಾಲ್ ಅವನಿಗಾಗಿ ತುದಿಯಲ್ಲಿ ಕಾದ. ಬಿರುಗಾಳಿ ಎದ್ದಿತು. ಇಬ್ಬರೂ ಮರಳಲಿಲ್ಲ. ಆ ಬಿರುಗಾಳಿಯಲ್ಲಿ ಒಟ್ಟು ಎಂಟು ಜನ ಸತ್ತರು. ಇದನ್ನು ಬಹುಮಂದಿ ಹಣದ ದುರಾಸೆಯ ಕತೆಯಾಗಿ ಓದುತ್ತಾರೆ. ನನಗೆ ಇದರಲ್ಲಿ ಕರುಣೆ ಕಾಣುತ್ತದೆ. ಒಮ್ಮೆ ಇಲ್ಲ ಎಂದವನು ಎರಡನೆಯ ಸಲ ಇಲ್ಲ ಎನ್ನಲಾರದೆ ಹೋದ. ಸಾಕು ಎನ್ನುವ ಹಕ್ಕನ್ನು ದುರಾಸೆ ಒಂದೇ ಕಸಿಯುವುದಿಲ್ಲ, ಪ್ರೀತಿಯೂ ಕಸಿಯುತ್ತದೆ.

ನಮ್ಮವರ ದುಃಖವೂ ದೂರದ್ದಲ್ಲ. 2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಹೋಗಿದ್ದ 22 ಮಂದಿಯ ತಂಡ, ಹೆಚ್ಚಿನವರು ಕರ್ನಾಟಕದವರೇ, ಹಿಮಗಾಳಿಗೆ ಸಿಕ್ಕಿತು. ಒಂಬತ್ತು ಜನ ತೀರಿಕೊಂಡರು. ಅದು ಹಗ್ಗ ಕಟ್ಟಿ ಏರುವ ಶಿಖರವೂ ಆಗಿರಲಿಲ್ಲ, ನಡೆದು ಹೋಗುವ ದಾರಿ. ಅಲ್ಲಿ ಏನಾಗಬೇಕಿತ್ತು ಎಂದು ಬೆಚ್ಚಗಿನ ಕೋಣೆಯಲ್ಲಿ ಕೂತು ತೀರ್ಪು ಕೊಡುವುದು ಸತ್ತವರಿಗೂ ಬದುಕಿ ಬಂದವರಿಗೂ ಅನ್ಯಾಯ. ಅವರ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ ಎಂದಷ್ಟೇ ಹೇಳಬಲ್ಲೆ.

ಕಾಂಗ್ ಯಾತ್ಸೆಯಲ್ಲಿ ಕಾಯಿಲೆ ಬಿದ್ದ ಆ ಗೆಳೆಯರನ್ನು ಬೇಸ್ ಕ್ಯಾಂಪಿಗೆ, ಅಲ್ಲಿಂದ ಇನ್ನೂ ಕೆಳಗೆ ಇಳಿಸುವಾಗ ಗೈಡ್, ಅಡುಗೆಯವ, ಕುದುರೆಯವ ಸರದಿಯ ಮೇಲೆ ಹೆಗಲು ಕೊಟ್ಟರು. ಇಂಥ ಹೆಗಲುಗಳನ್ನು ನಾನು ಮೊದಲೇ ಕಂಡಿದ್ದೆ, ಖಾನಾಪುರದ ಕಾಡಿನಲ್ಲಿ. ಭೀಮಗಡ ವನ್ಯಧಾಮದ ಒಳಗಿನ ಆಮಗಾಂವ, ಗವಾಳಿಯಂಥ ಊರುಗಳು ಮಳೆಗಾಲದಲ್ಲಿ ಹೊರಜಗತ್ತಿನಿಂದ ಕಡಿದುಹೋಗುತ್ತವೆ. ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಸುರಿಯುವ ಜಾಗಗಳಲ್ಲಿ ಆಮಗಾಂವ ಒಂದು. ಯಾರಿಗಾದರೂ ಎದೆನೋವು ಬಂದರೆ ಬಿದಿರಿನ ಗಳುವಿಗೆ ಕಂಬಳಿ ಕಟ್ಟಿ, ಊರ ಗಂಡಸರು ಸರದಿಯಲ್ಲಿ ಹೊತ್ತು, ಕೆಸರಿನಲ್ಲಿ ಹಳ್ಳ ದಾಟಿಸಿ, ವಾಹನ ಸಿಗುವ ರಸ್ತೆಗೆ ತರುತ್ತಾರೆ. ಪತ್ರಿಕೆಯಲ್ಲಿ ಆ ಫೋಟೊ ಬರುತ್ತದೆ, ಮರುದಿನ ನಾವು ಮರೆಯುತ್ತೇವೆ. ಇದೇ ಜನ ನಮಗೆ ಘಟ್ಟದಲ್ಲಿ ದಾರಿ ತೋರಿಸುವವರೂ ಹೌದು. ಹಳ್ಳ ಏರಿದೆ, ಇವತ್ತು ಬೇಡ್ರಿ, ಎಂದು ಅವರು ಅಂದರೆ ಬೆಳಗಾವಿಯಿಂದ ಜಲಪಾತ ನೋಡಲು ಬಂದ ಹುಡುಗರು ನಕ್ಕು ಮುಂದೆ ಹೋಗುತ್ತಾರೆ. ಲಡಾಖಿಯ ಮಾತಿಗೆ ತಲೆಬಾಗುವ ನಾವು ನಮ್ಮದೇ ಜಿಲ್ಲೆಯ ಹಳ್ಳಿಗನ ಮಾತನ್ನು ಬದಿಗೆ ಸರಿಸುವುದೇಕೆ? ಅವನ ಬಳಿ ಹಗ್ಗವಿಲ್ಲ, ಹೊಳೆಯುವ ಜಾಕೆಟ್ಟಿಲ್ಲ, ನಾವು ಅವನಿಗೆ ಮುಂಗಡ ಕಟ್ಟಿಲ್ಲ ಎಂದೇ? ಜಾಗವನ್ನು ಬಲ್ಲವನ ಅರಿವು ಎರಡೂ ಕಡೆ ಒಂದೇ ಬಗೆಯದು. ವರ್ಷಗಟ್ಟಲೆ ಅದೇ ಹಳ್ಳ, ಅದೇ ಇಳಿಜಾರು, ಅದೇ ಮೋಡ ನೋಡಿದವನ ಕಣ್ಣಿನಲ್ಲಿ ಕೂತಿರುವಂಥದು.

ಕಾಯಿಲೆ ಬಿದ್ದಿದ್ದ ಗೆಳೆಯರು ಲೇಹ್ ತಲುಪಿ ಆಮ್ಲಜನಕ, ಔಷಧಿಗಳಿಂದ ಚೇತರಿಸಿಕೊಂಡರು. ಉಳಿದ ನಾವು ಶಾಂಗ್ ಸುಮ್ದೋದಲ್ಲಿ ಜೀಪಿಗೆ ಕಾಯುವಾಗ ಗೈಡ್‌ಗೆ ಕೊಡುವ ಇನಾಮಿನ ಮಾತು ಬಂತು. ಎವರೆಸ್ಟಿನಲ್ಲಿ ಗಿರಾಕಿ ತುದಿ ಮುಟ್ಟಿದರೆ ಶೆರ್ಪಾಗೆ ಸಮಿಟ್ ಬೋನಸ್ ಕೊಡುವ ರೂಢಿ ಇದೆ. ಚಿಕ್ಕ ಶಿಖರಗಳಲ್ಲೂ ಅದರ ನೆರಳು ಬಿದ್ದಿದೆ. ಶಿಖರ ಆಗಲಿಲ್ಲವಲ್ಲ, ಅರ್ಧ ಕೊಟ್ಟರಾಯಿತು, ಎಂದು ಯಾರೋ ಅಂದರು. ಯೋಚಿಸಿದರೆ ಇದು ಬಹಳ ಅಪಾಯದ ಲೆಕ್ಕ. ಮನೆಯಲ್ಲಿ ಮಕ್ಕಳಿರುವ, ವರ್ಷದಲ್ಲಿ ಕೆಲವೇ ತಿಂಗಳು ದುಡಿಮೆ ಇರುವ ಮನುಷ್ಯನಿಗೆ, ನಮ್ಮ ಜೀವ ಉಳಿಸಿದರೆ ಅರ್ಧ, ಜೀವ ಪಣಕ್ಕೊಡ್ಡಿ ತುದಿ ಮುಟ್ಟಿಸಿದರೆ ಪೂರ್ತಿ ಎಂದು ನಾವೇ ಕಲಿಸಿದ ಹಾಗೆ. ಮುಂದಿನ ತಂಡದ ಮುಂದೆ ಅವನ ನಾಲಿಗೆ ಒಂದು ಕ್ಷಣ ತಡೆದರೆ ಅದಕ್ಕೆ ಕಾರಣ ಹಿಂದಿನ ತಂಡದ ಪಾಕೀಟು. ನಮ್ಮ ಹಗ್ಗದವರು ಶಿಖರ ಮುಟ್ಟಿ ಬಂದ ಹಗ್ಗದವರಷ್ಟೇ ಕೊಟ್ಟೆವು. ಇಳಿಜಾರಿನಲ್ಲಿ ಎದುರು ನಿಂತು ವಾದಿಸಿದ್ದ ಗೆಳೆಯನೇ ಅದನ್ನು ಎಲ್ಲರಿಂದ ಸಂಗ್ರಹಿಸಿದ.

ಬೆಳಗಾವಿಯ ಕಾಲೇಜು ಹುಡುಗ ಹುಡುಗಿಯರು ಈಗ ಆಗಾಗ ಬಂದು ಕೇಳುತ್ತಾರೆ. ಯಾವ ಬೂಟು ಕೊಳ್ಳಬೇಕು, ಎಷ್ಟು ಕಿಲೋಮೀಟರ್ ಓಡಬೇಕು, ಯಾವ ಸಂಸ್ಥೆ ಅಗ್ಗ. ತಿಳಿದಷ್ಟು ಹೇಳುತ್ತೇನೆ. ಹಣ ಕಟ್ಟುವ ಮೊದಲು ಸಂಸ್ಥೆಯವರನ್ನು ಎರಡು ಪ್ರಶ್ನೆ ಕೇಳಿ ಎಂದೂ ಹೇಳುತ್ತೇನೆ. ನಿಮ್ಮ ಗೈಡ್ ಕೊನೆಯ ಸಲ ತಂಡವನ್ನು ಅರ್ಧದಿಂದ ಇಳಿಸಿದ್ದು ಯಾವಾಗ? ಇಳಿಸಿದಾಗ ಅವನಿಗೆ ಸಿಕ್ಕ ಸಂಬಳ ಎಷ್ಟು?