ವೈರ್ ಕೀಳಬೇಡಿ, ಬೆಲ್ಟ್ ನೋಡಿ

ಯುವಜನರ ಆರಾಧನೆ. ವಾಕ್ಯಭಾಗ: ಅಪೊಸ್ತಲರ ಕೃತ್ಯಗಳು 27ನೇ ಅಧ್ಯಾಯ

ಬೈಬಲ್ ತಂದವರು ಬೈಬಲ್ ತೆಗೀರಿ, ಮೊಬೈಲ್‌ನಲ್ಲಿ ಓದೋರು ಮೊಬೈಲ್ ತೆಗೀರಿ, ಆದ್ರೆ ವಾಟ್ಸಾಪ್ ಬೇಡ. ಇವತ್ತು ನಾನೊಂದು ಸಾಕ್ಷಿ ಹೇಳಬೇಕು. ಗೆದ್ದ ಸಾಕ್ಷಿ ಅಲ್ಲ, ತಪ್ಪು ಮಾಡಿದ ಸಾಕ್ಷಿ.

ನಮ್ಮ ಸುವಾರ್ತೆ ವ್ಯಾನ್ ನಿಮಗೆಲ್ಲ ಗೊತ್ತಲ್ಲ? ನಿಮ್ಮಲ್ಲಿ ಕೆಲವರು ಹುಟ್ಟೋಕೆ ಮುಂಚೆ ರೋಡಿಗೆ ಇಳಿದ ಡೀಸೆಲ್ ಗಾಡಿ. ಹಿಂದಿನ ಸೀಟು ಕೆಲವು ತೆಗೆಸಿ ಮಲಗೋಕೆ ಎರಡು ಹಲಗೆ, ಒಂದು ಗ್ಯಾಸ್ ಒಲೆ, ನೀರಿನ ಡ್ರಮ್ ಇಟ್ಟಿದ್ದೀವಿ. ಹಳ್ಳಿ ಸೇವೆಗೆ ಹೋದ್ರೆ ಅದೇ ನಮ್ಮ ಮನೆ. ಹೋದ ವರ್ಷ ಮೆಣಸಿನಕಾಯಿ ಸುಗ್ಗಿ ಹೊತ್ತಿಗೆ ಹಾವೇರಿ ಜಿಲ್ಲೆ ಮೇಡ್ಲೇರಿಯಲ್ಲಿ ಒಂದು ಮನೆ ಪ್ರಾರ್ಥನೆಗೆ ಹೊರಟೆವು. ಬೆಂಗಳೂರಿಂದ ರಾಣೆಬೆನ್ನೂರಿಗೆ ಸುಮಾರು 300 ಕಿಲೋಮೀಟರ್. ಹಿಂದೆ ಐದು ಜನ ಯುವಕರು, ಸ್ಟೇರಿಂಗ್ ನನ್ನ ಕೈಲಿ.

ಚಿತ್ರದುರ್ಗ ದಾಟಿದ ಮೇಲೆ ಡ್ಯಾಶ್‌ಬೋರ್ಡ್‌ನಲ್ಲಿ ಬ್ಯಾಟರಿಯ ಕೆಂಪು ಲೈಟ್ ಮಿಣುಕ್ ಮಿಣುಕ್ ಅಂತು. ಹುಡುಗರು ಫ್ಯಾನು, ಕೀಬೋರ್ಡು ಹಾಕಿದ್ರೆ ಬರುತ್ತೆ, ಆರಿಸಿದ್ರೆ ಹೋಗುತ್ತೆ. "ಹಳೇ ಗಾಡಿ, ಹೀಗೇ" ಅಂದೆ. ದಾವಣಗೆರೆ ಹತ್ತಿರ ಟೆಂಪರೇಚರ್ ಮುಳ್ಳು ಮೇಲಕ್ಕೆ ಹೋಯ್ತು. "ಲೋಡ್ ಜಾಸ್ತಿ" ಅಂದೆ. ಹರಿಹರ ದಾಟಿದ ಮೇಲೆ ಬ್ರೇಕ್‌ನ ಬಜರ್ ಕೀಂ ಅಂತ ಕೂಗೋಕೆ ಶುರು ಮಾಡ್ತು. ಹಿಂದೆ ಆರಾಧನೆ ನಡೀತಿದೆ. ಒಬ್ಬ ತಮ್ಮ ಹೇಳಿದ, "ಪಾಸ್ಟರ್, ಶ್ರುತಿ ಕೆಡ್ತಿದೆ." ನಾನೇನು ಮಾಡಿದೆ ಗೊತ್ತಾ? ಗಾಡಿ ಸೈಡಿಗೆ ಹಾಕಿ, ಡ್ಯಾಶ್‌ಬೋರ್ಡ್ ಕೆಳಗೆ ಕೈ ಹಾಕಿ, ಬಜರ್ ವೈರ್ ಕಿತ್ತುಬಿಟ್ಟೆ. ಮೌನ. ಹಿಂದಿನಿಂದ "ಸ್ತೋತ್ರ!" ಅಂದ್ರು.

ರಾಣೆಬೆನ್ನೂರಿಂದ ಮೇಡ್ಲೇರಿ ರೋಡಿಗೆ ತಿರುಗಿದೆವು. ಮುಸ್ಸಂಜೆ. ಒಂದು ತಿರುವಿನಲ್ಲಿ ರೋಡಿನ ತುಂಬ ಕುರಿ ಮಂದೆ, ಮಂದೆಯ ಹಿಂದೆ ಏಳೆಂಟು ವರ್ಷದ ಹುಡುಗಿ. ಬ್ರೇಕ್ ಒತ್ತಿದೆ. ಪೆಡಲ್ ಕಲ್ಲು! ಎರಡೂ ಕಾಲಿಟ್ಟು ತುಳಿದೆ, ಹ್ಯಾಂಡ್‌ಬ್ರೇಕ್ ಎಳೆದೆ, "ಯೇಸಪ್ಪಾ" ಅಂದೆ. ಗಾಡಿ ಆ ಮಗುವಿಗೆ ಎರಡು ಮೊಳ ಇರುವಾಗ ನಿಂತಿತು. ಕುರಿಗಾಹಿ ಅಪ್ಪ ಓಡಿ ಬಂದು ಮಗಳನ್ನ ಎತ್ಕೊಂಡ. ಬೈಲಿಲ್ಲ. ಒಂದೇ ಮಾತು ಕೇಳಿದ: "ಹಾರ್ನರ ಹೊಡೀಬಾರದೇನ್ರಿ ಯಪ್ಪಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ನನಗೆ ಬಂದ ಎಚ್ಚರಿಕೆಯನ್ನ ನಾನೇ ಕಿತ್ತು ಹಾಕಿದ್ದೆ. ಅವನಿಗೆ ಏನಂತ ಹೇಳಲಿ?

ಮರುದಿನ ಬೆಳಗ್ಗೆ ಒಬ್ಬ ಮಿಸ್ತ್ರಿ ಬಂದ್ರು. ಬಾನೆಟ್ ಎತ್ತಿ, ಹೆಬ್ಬೆರಳಿಂದ ಬೆಲ್ಟ್ ಒತ್ತಿ ನೋಡಿದ್ರು. "ಸರ, ಮೂರು ರೋಗ ಅಲ್ರಿ, ಒಂದ ರೋಗ. ಬೆಲ್ಟ್ ಸಡ್ಲ ಆಗೈತಿ." ಆ ಗಾಡಿಯಲ್ಲಿ ಒಂದೇ ಬೆಲ್ಟ್ ಆಲ್ಟರ್ನೇಟರ್ ತಿರುಗಿಸುತ್ತೆ, ನೀರಿನ ಪಂಪ್ ತಿರುಗಿಸುತ್ತೆ. ಬ್ರೇಕಿಗೆ ಬಲ ಕೊಡೋ ವ್ಯಾಕ್ಯೂಮ್ ಪಂಪ್ ಇರೋದೂ ಆಲ್ಟರ್ನೇಟರ್ ಬೆನ್ನಿಗೇ. ಬೆಲ್ಟ್ ಜಾರಿದ್ರೆ ಚಾರ್ಜ್ ಇಲ್ಲ, ಎಂಜಿನ್ ಬಿಸಿ, ಬ್ರೇಕ್ ಕಲ್ಲು. ಕಿತ್ತ ವೈರ್ ನೋಡಿ ನಕ್ಕರು: "ಅದು ಒದರಿ ಒದರಿ ಹೇಳಾಕತ್ತಿತ್ರಿ, ನೀವು ಅದರ ಬಾಯಿ ಹೊಲದ್ರಿ."

ಇನ್ನೊಂದು ಲೈಟ್ ಇತ್ತು, ಬಾಗಿಲು ತೆರೆದಿದೆ ಅಂತ ಯಾವಾಗಲೂ ಉರೀತಿತ್ತು. ಅದನ್ನೂ ನೋಡಿದ್ರು. ಸ್ವಿಚ್ಚಿನ ವೈರ್ ಸುಲಿದು ಬಾಡಿಗೆ ತಾಗಿತ್ತು. "ಇದು ಸುಳ್ಳು ಹೇಳತೈತ್ರಿ. ಆದ್ರ ನೋಡದ ಸುಳ್ಳು ಅನಬಾರದು." ಹೊರಡುವಾಗ ಒಂದು ಪಾಠ: "ಸ್ಟಾರ್ಟ್ ಮಾಡೋಕ ಮೊದ್ಲ ಕೀ ಆನ್ ಮಾಡ್ರಿ. ಬ್ಯಾಟರಿ, ಆಯಿಲ್ ಎರಡೂ ಕೆಂಪು ಲೈಟ್ ಹತ್ತಬೇಕು, ಎಂಜಿನ್ ಸುರು ಆದಮ್ಯಾಲೆ ಆರಬೇಕು. ಹತ್ತಲಿಲ್ಲಂದ್ರ ಗಾಡಿ ಚಲೋ ಐತಿ ಅಂತಲ್ಲ, ಬಲ್ಬ್ ಸತ್ತೈತಿ ಅಂತ."

ದೇವರ ಮಕ್ಕಳೇ, ಈಗ ವಾಕ್ಯಕ್ಕೆ ಬನ್ನಿ. ಪೌಲನು ಕೈದಿಯಾಗಿ ಹಡಗಿನಲ್ಲಿದ್ದಾನೆ. ಮುಂದೆ ಹೋದರೆ ನಷ್ಟ ಅಂತ ಎಚ್ಚರಿಸಿದ. ಶತಾಧಿಪತಿ ಯಾರ ಮಾತು ಕೇಳಿದ? ಹಡಗು ನಡೆಸುವವನದು, ಹಡಗಿನ ಯಜಮಾನನದು. ತೆಂಕಣ ಗಾಳಿ ಮೆಲ್ಲಗೆ ಬೀಸಿತು, ಎಲ್ಲ ಸರಿ ಇದೆ ಅಂದುಕೊಂಡರು. ನನ್ನ ವ್ಯಾನಿನ ಮೌನದ ಹಾಗೆ! ಆಮೇಲೆ ಬಿರುಗಾಳಿ.

ತಮ್ಮಂದಿರೇ, ತಂಗಿಯರೇ, ರಾತ್ರಿ ನಿದ್ರೆ ಇಲ್ಲ. ಅಮ್ಮನ ಮೇಲೆ ಸಿಡುಕು. ಸಂಬಳ ಬಂದ ವಾರಕ್ಕೇ ಆ್ಯಪ್‌ನಲ್ಲಿ ಸಾಲ. ಮೂರು ಲೈಟ್ ಅಲ್ವಾ? ನಿದ್ರೆಗೆ ರೀಲ್ಸ್, ಸಿಡುಕಿಗೆ ಹೆಡ್‌ಫೋನ್, ಸಾಲಕ್ಕೆ ಇನ್ನೊಂದು ಸಾಲ. ಎಲ್ಲವೂ ವೈರ್ ಕೀಳೋ ಕೆಲಸ. ಬೆಲ್ಟ್ ನೋಡಿದ್ರಾ? ದೇವರ ಜೊತೆ ಒಬ್ಬರೇ ಕೂತು ಎಷ್ಟು ದಿನ ಆಯ್ತು? ನನ್ನನ್ನೇ ಕೇಳಿಕೊಂಡೆ. ಆ ದಿನಗಳಲ್ಲಿ ನಾನು ವಾರಕ್ಕೆ ನಾಲ್ಕು ಕಡೆ ಪ್ರಸಂಗ ಮಾಡ್ತಿದ್ದೆ, ಬಾಗಿಲು ಮುಚ್ಚಿ ಪ್ರಾರ್ಥಿಸ್ತಿರಲಿಲ್ಲ. ನನ್ನ ಹೆಂಡತಿ ಎರಡು ಸಲ ಹೇಳಿದ್ದಳು. ಆ ಬಜರ್ ಬಾಯಿಯನ್ನೂ ನಾನೇ ಮುಚ್ಚಿಸಿದ್ದೆ.

ಸುಳ್ಳು ಲೈಟ್‌ಗಳೂ ಇವೆ. ಪವಿತ್ರಾತ್ಮನು ಎಚ್ಚರಿಸಿದರೆ ಇಂಥ ವಿಷಯ ಅಂತ ಬೆರಳಿಟ್ಟು ತೋರಿಸಿ, ಹಿಂದಿರುಗೋ ದಾರಿ ಕೊಡ್ತಾನೆ. ಸೈತಾನ ಸುಮ್ಮನೆ "ನೀನು ಕೆಟ್ಟವನು" ಅಂತ ಕೂಗ್ತಾನೆ, ದಾರಿ ತೋರಿಸಲ್ಲ. ಒಬ್ಬರೇ ಗುರುತಿಸೋಕೆ ಆಗದಿದ್ರೆ ಬಂದು ಮಾತಾಡಿ. ಬದುಕೋದೇ ಬೇಡ ಅನ್ನಿಸ್ತಿದ್ರೆ ಇವತ್ತೇ ಹೇಳಿ, ಜೊತೆಗೆ ಡಾಕ್ಟರ್ ಹತ್ತಿರ ಹೋಗೋಣ. ಅದು ಅವಿಶ್ವಾಸ ಅಲ್ಲ. ಇನ್ನು ತಪ್ಪು ಮಾಡಿದಾಗ ಒಳಗೆ ಏನೂ ಚುಚ್ಚುತ್ತಿಲ್ಲವಾ? ಅದನ್ನ ಸಮಾಧಾನ ಅಂದುಕೊಳ್ಳಬೇಡಿ. ಕೀ ಆನ್ ಮಾಡಿ ನೋಡಿ.

ಆ ಹಡಗಿನವರು ಎರಡನೇ ಸಲ ಪೌಲನ ಮಾತು ಕೇಳಿದರು. ನಾವಿಕರು ಕದ್ದು ಓಡಿಹೋಗೋಕೆ ಇಳಿಸಿದ ದೋಣಿಯ ಹಗ್ಗವನ್ನ ಸೈನಿಕರು ಕತ್ತರಿಸಿದರು. ಕತ್ತರಿಸಬೇಕಾದ್ದನ್ನೇ ಕತ್ತರಿಸಿದರು! ಹಡಗು ಒಡೆಯಿತು, ಆದರೆ 276 ಜನರಲ್ಲಿ ಒಬ್ಬರೂ ಸಾಯಲಿಲ್ಲ. ತಡವಾಗಿ ಕೇಳಿದವರಿಗೂ ದೇವರು ದಡ ಇಟ್ಟಿದ್ದ. ಆಮೆನ್?

ಎಲ್ಲರೂ ಎದ್ದು ನಿಲ್ಲಿ, ಕಣ್ಣು ಮುಚ್ಚಿ. ಕರ್ತನೇ, ನಾವು ಕಿತ್ತ ವೈರ್‌ಗಳನ್ನ ನಿನ್ನ ಕೈಯಲ್ಲಿ ಇಡ್ತೀವಿ. ಮತ್ತೆ ಜೋಡಿಸಪ್ಪಾ. ಶಬ್ದ ಬಂದರೂ ಪರವಾಗಿಲ್ಲ, ನಮ್ಮ ದಾರಿಯಲ್ಲಿ ಯಾರದೋ ಮಗು ನಿಂತಿರಬಹುದು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.